ತೋಟ ಮಾತಾಡಿಸ್ಲಾಕ ಬಂದವರು

ನಿನ್ನೆ ಪಂಚಾಯ್ತಿಯವರು ನಮ್ಮ ಓಣಿ ನೀರಿನ ಟಾಕಿಗಿ ಬ್ಲೀಚಿಂಗ್ ಪೌಡರ್ ಹಾಕಿ ಹೋದ್ರು. ಮಳಿಗಾಲ ಸುರು ಆತಂದ್ರ ಹಾಕೋದೇ. ಹೆಣ್ಮಕ್ಕಳು ಮೂಗಿಗಿ ಸೆರಗ ಹಚ್ಚಿ, ಪಂಚಾಯ್ತಿಯವರಿಗಿ ಬೈಕೋತ ಕೊಡ ತುಂಬ್ಲಾಕತ್ತಿದ್ರು. ನಾ ಕೊಡ ಅಲ್ಲೇ ಬಿಟ್ಟು ಕಟ್ಟಿಮ್ಯಾಲ ಕುಂತೆ. ಇಷ್ಟು ವರ್ಷ ಆದ್ರೂ ಆ ವಾಸನಿ ಮೂಗಿಗಿ ಬಡದ್ರ ನನಗ ಕೊಡ ಎತ್ಲಾಕ ಆಗಂಗಿಲ್ಲ. ಆಕಿ ನೆನಪಾಗ್ತಾಳ...

ಆಕಿಗಿ ಸುತ್ತಿನ ಹಳ್ಳಿ ಮಂದಿ 'ತೇಲ್ಯಾ ಮ್ಯಾಡಮ್' ಅಂತಿದ್ರು. ತೇಲ್ಯಾ ಅಂದ್ರ ದಾಳಿಂಬ್ರ ಗಿಡದ ಬ್ಯಾನಿ. ಎಲಿಮ್ಯಾಲ, ಕಾಯಿಮ್ಯಾಲ ಎಣ್ಣಿ ಹನಿ ಬಿದ್ದಂಗ ಚುಕ್ಕಿ ಮೂಡ್ತದ, ಆಮ್ಯಾಲ ಕರ್ರಗಾಗ್ತದ, ಕಾಯಿ ಸೀಳ್ತದ. ಒಮ್ಮೆ ಹೊಕ್ತಂದ್ರ ಔಷಧ ಹೊಡದು ಓಡಿಸೋ ಬ್ಯಾನಿ ಅಲ್ಲ ಅದು. ಆಕಿ ಯೂನಿವರ್ಸಿಟಿಯೊಳಗ ತೋಟಗಾರಿಕಿ ಓದಿ, ಅಲ್ಲೇ ಈ ಬ್ಯಾನಿ ಮ್ಯಾಲ ಸಂಶೋಧನಾ ಮಾಡೋ ಸಾಹೇಬ್ರ ಕೈಕೆಳಗ ಸೇರಿದಾಕಿ. ಉಮರ್ಗಾ, ನಿಲಂಗಾ, ಉದಗೀರ ತನಕಾ ತೋಟ ತೋಟ ತಿರಗೋದು, ತೇಲ್ಯಾ ಎಲ್ಲಿ ಬಂದದ, ಹ್ಯಾಂಗ ಬಂದದ ನೋಡೋದು, ಎಲಿ ಹರದು ಯೂನಿವರ್ಸಿಟಿಗಿ ಕಳಿಸೋದು, ಇದು ಆಕಿ ನೌಕರಿ. ಆಕಿ ಸ್ಕೂಟಿ ಯಾರದಾದ್ರೂ ಹೊಲದ ದಾರಿ ಹಿಡೀತಂದ್ರ ಮಂದಿ "ಅಯ್ಯ ಶಿವನ, ಅವರಿಗೂ ಬಂತೇನ್ರಿ?" ಅಂತ ಎದಿಮ್ಯಾಲ ಕೈ ಇಟ್ಕೊಂತಿದ್ರು.

ನಮ್ಮ ಮನಿ ಗುಂಜೋಟಿ ಊರ ಹೊರಗ, ತೋಟದ ಬಾಜೂಕೇ. ಮುಂದಿನ ಖೋಲಿ ಖಾಲಿ ಇತ್ತು, ಬಾಡಿಗಿಗಿ ಕೇಳ್ಲಾಕ ಬಂದ್ಲು. ಬಂದಾಕಿ ಮೊದಲ ಮಾತಿನಾಗೇ ಹೇಳಿದ್ಲು, ನಮ್ಮದು ಉದಗೀರ ಕಡಿ ಹಳ್ಳಿ, ಬೀರಪ್ಪನ ಒಕ್ಕಲು, ನಮ್ಮಪ್ಪ ಇನ್ನೂ ಕುರಿ ಹಿಂದೇ ತಿರಗತಾನ ಅಂತ. ನಾವು ಲಿಂಗಾಯತರು, ಆಮ್ಯಾಲ ಗೊತ್ತಾಗಿ ಮಾರಿ ಸಣ್ಣ ಮಾಡ್ಕೊಳ್ಳೋದು ಬ್ಯಾಡ ಅಂತಿರಬೇಕು. "ಕುರಿ ಖೋಲ್ಯಾಗ ಕಟ್ಟಂಗಿಲ್ಲಲಾ? ಮತ್ಯಾಕ ಫಿಕೀರ, ಬಾ" ಅಂದೆ. ಜೋರ ನಕ್ಕಳು. ಆಕಿ ಹಂಗ ನಕ್ಕಿದ್ದು ನಾ ನೋಡಿದ್ದು ಕಮ್ಮಿ.

ಖರೆ ಹೇಳ್ಬೇಕಂದ್ರ ನನಗೂ ಆಕಿ ಬೇಕಾಗಿದ್ಲು. ತೊಗರಿ ಬಿತ್ತೋ ಹೊಲ ಅಷ್ಟೂ ದಾಳಿಂಬ್ರಕ್ಕ ಕೊಟ್ಟು ಕುಂತಿದ್ವಿ. ಅದು ನಮ್ಮ ಮೊದಲ ಬಹಾರ, ಅಂದ್ರ ಮೊದಲ ಫಸಲು. ಬ್ಯಾಸಗಿಗಿ ಬಾವ್ಯಾಗ ನೀರ ಇರಂಗಿಲ್ಲ ಅಂತ ನಮ್ಮ ಮನಿಯವರು ಮಳಿಗಾಲದ ಫಸಲೇ ಹಿಡದಿದ್ರು, ಮತ್ತ ತೇಲ್ಯಾ ಓಡ್ಯಾಡೋದೂ ಮಳಿಗಾಲದಾಗೇ. ಬಂತಂದ್ರ ಗಿಡ ಬುಡಸಮೇತ ಕಿತ್ತು ಸುಡಬೇಕು. ಬ್ಯಾರೆ ತುಂಡು ಹೊಲ ಇಲ್ಲ. ನಾ ಮೊದಲೇ ಹುಟ್ಟಾ ಅಂಜುಬುರುಕಿ. ಮಾಡ ಕವಿದ್ರ ನನಗ ಅನ್ನ ಸೇರ್ತಿದ್ದಿಲ್ಲ. ನಮ್ಮ ಮನಿಯವರು "ನಿನ್ನ ಅಂಜಿಕಿಗೇ ಬ್ಯಾನಿ ಬರ್ತದ ನೋಡು" ಅಂತ ಚಾಷ್ಟಿ ಮಾಡ್ತಿದ್ರು. ಆಕಿ ಮಾತ್ರ ಚಾಷ್ಟಿ ಮಾಡ್ತಿದ್ದಿಲ್ಲ. "ಅಂಜರಿ ಕಾಕಿ, ಅಂಜಿದವರೇ ದಿನಾ ನೋಡ್ತಾರ" ಅಂತಿದ್ಲು.

ಮುಂಜಾನಿ ಇಬ್ಬನಿ ಆರಿದ ಮ್ಯಾಲ ಇಬ್ಬರೂ ತೋಟಕ್ಕ ಹೋಗ್ತಿದ್ವಿ. ಎಲಿ ಬೆಳಕಿಗಿ ಹಿಡದು ಹ್ಯಾಂಗ ನೋಡೋದು, ಯಾವ ಚುಕ್ಕಿ ತೇಲ್ಯಾ, ಯಾವುದು ಬರೇ ಬಿಸಿಲಿನ ಕಲಿ, ಆಕೀನೇ ಕಲಿಸಿದ್ಲು. ಹಸಿ ಗಿಡ ಮುಟ್ಟಬಾರದು, ಒಂದು ಗಿಡದ ಕತ್ರಿ ತೊಳೀದೇ ಇನ್ನೊಂದಕ್ಕ ಹಚ್ಚಬಾರದು, ಕಡದ ಟೊಂಗಿ ಬದುವಿನ ಮ್ಯಾಲ ಒಗೀಬಾರದು, ಸುಡಬೇಕು. ಯೂನಿವರ್ಸಿಟ್ಯಾಗ ವರ್ಷಾನುಗಟ್ಲೆ ನೋಡಿ ತಿಳಕೊಂಡದ್ದು ಆಕಿ ನನ್ನಂಥಾಕಿಗಿ ಚಹಾ ಕುಡದಷ್ಟು ಹೊತ್ತಿನಾಗ ತಿಳಿಯೋಹಂಗ ಹೇಳ್ತಿದ್ಲು.

ಆ ವರ್ಷ ಆಷಾಢದಾಗ ಮಳಿ ಹಿಡೀತು, ಬಿಡಲೇ ಇಲ್ಲ. ಯೆಣೆಗೂರದಾಗ ನಮ್ಮಣ್ಣನ ತೋಟಕ್ಕ ತೇಲ್ಯಾ ಬಿತ್ತು.

ನಮ್ಮ ಕಡಿ ಯಾರರೆ ಸತ್ರ ಬೀಗರು, ಪಾಹುಣೇರೆಲ್ಲಾ ಮಾತಾಡಿಸ್ಲಾಕ ಹೋಗ್ತಾರ. ತೋಟ ಹೋದ್ರೂ ಹಂಗೇ. ಬುತ್ತಿ ಕಟ್ಕೊಂಡು ಹೋಗೋದು, ಸೀದಾ ತೋಟದಾಗ ಹೊಕ್ಕು ಗಿಡ ಗಿಡ ತಡವೋದು, "ಎಂಥಾ ಗಿಡ ಇತ್ತು, ಎಂಥಾ ಗಿಡ ಇತ್ತು" ಅಂತ ಕಣ್ಣೀರ ಹಾಕೋದು. ಸೀಳಿದ ಕಾಯಿ ಹರದು ಕೈಯಾಗ ತಿರಗಿಸಿ ನೋಡೋದು. ಬರೋ ಮುಂದ ಒಂದು ಕಾಯಿ ಚೀಲದಾಗ ಇಟ್ಕೊಂಡು ಬರೋದು, ಮನ್ಯಾಗಿನವರಿಗಿ ತೋರಿಸ್ಬೇಕಲಾ. ಹೋಗಲಿಲ್ಲಂದ್ರ ಮುಗೀತು, ಮಕ್ಕಳ ಲಗ್ನದ ತನಕಾ ಅದೇ ಮಾತು ಆಡ್ತಾರ.

ನಾ ಒಡಹುಟ್ಟಿದಾಕಿ, ಎಲ್ಲರಕಿಂತಾ ಮೊದಲ ಹೋಗಬೇಕಿತ್ತು. ಮಳಿಗಿ ಬಸ್ ಬಂದ್ ಆಗಿ ತಡ ಆಗಿತ್ತು. ಬುತ್ತಿ ಕಟ್ಲಾಕತ್ತಿದ್ದೆ, ಆಕಿ ಹೊರಗಿಂದ ಬಂದು ಬಾಗಿಲದಾಗ ನಿಂತ್ಲು. ಮಾರಿ ಬಿಳಚಿತ್ತು.

"ಕಾಕಿ, ಹೋಗಬ್ಯಾಡ್ರಿ."

"ನಮ್ಮಣ್ಣ ಇದ್ದಾನವಾ. ಹೋಗಬ್ಯಾಡಂದ್ರ?"

"ನಿಮ್ಮಣ್ಣನ ತೋಟ ಮಾತಾಡಿಸಿ ಹೋದವರು ಯಾರ್ಯಾರಂತ ಕೇಳಿ, ಅವರವರ ತೋಟಕ್ಕೆಲ್ಲಾ ಹೋಗಿ ಬಂದೀನಿ. ಎಲ್ಲಾ ಕಡಿ ಚುಕ್ಕಿ ಬಿದ್ದಾವ. ನಡುವಿನ ತೋಟಕ್ಕ ಬಂದಿಲ್ಲ, ದೂರಿನ ಬೀಗರ ತೋಟಕ್ಕ ಬಂದದ. ಗಾಳಿಗೇನ ಬೀಗರು ಯಾರಂತ ಗೊತ್ತಿರ್ತದೇನ್ರಿ?"

ನನ್ನ ಕೈಯಾಗಿನ ರೊಟ್ಟಿ ಅಲ್ಲೇ ಉಳೀತು. ಕೈಗಿ ಹತ್ತಿ, ಸೆರಗಿಗಿ ಹತ್ತಿ, ಚೀಲದಾಗಿನ ಕಾಯಿ ಕೂಡ ಬ್ಯಾನಿ ಊರೂರಿಗಿ ಹೋಗ್ಲಾಕತ್ತದ ಅಂತ ಬಿಡಿಸಿ ಹೇಳಿದ್ಲು. ಅಳಲಾಕ ಹೋದವರೇ ಹೊತ್ಕೊಂಡು ಬರ್ಲಾಕತ್ತಾರ. "ನಮ್ಮಪ್ಪನ ಹಿಂಡಿಗಿ ಬ್ಯಾನಿ ಬಂದ್ರ ದೂರಿಂದೇ ಕೈ ಮಾಡ್ತಾನ, ಈ ಕಡಿ ಬರಬ್ಯಾಡ್ರೋ ಅಂತ. ಬಂದಾಂವಾ ಅಲ್ಲೇ ನಿಂತು ಮಾತಾಡಿ ಹೋಗ್ತಾನ, ಯಾರೂ ಸಿಟ್ಟ ಮಾಡಂಗಿಲ್ಲ. ನಿಮ್ಮ ಮಂದಿಗಿ ಇದು ಹ್ಯಾಂಗ ಹೇಳ್ಲಿ ಕಾಕಿ?" ಅಂದ್ಲು. ಆ ಬುತ್ತಿ ನಾವೇ ಉಂಡ್ವಿ.

ಮರುದಿನಾನೇ ನಮ್ಮ ತೋಟದ ಬಾಗಿಲಿಗಿ ಹಗ್ಗ ಕಟ್ಟಿದ್ಲು. ಒಂದು ಪ್ಲಾಸ್ಟಿಕ್ ಬುಟ್ಟ್ಯಾಗ ಬ್ಲೀಚಿಂಗ್ ನೀರು ಮಾಡಿಟ್ಟು, ನಾವು ಮನ್ಯಾಗಿನವರು ಸುದ್ದಾ ಕಾಲ ಅದ್ದದೇ ಒಳಗ ಹೋಗಂಗಿಲ್ಲ, ಹೊರಗಿನವರಂತೂ ಇಲ್ಲೇ ಇಲ್ಲ ಅಂದ್ಲು. ನನ್ನ ಸೀರಿ ಅಂಚಿಗಿ, ಕಾಲ ಬೆರಳಿಗಿ, ಹಾಸಿಗಿಗಿ ಎಲ್ಲಾ ಅದೇ ವಾಸನಿ.

ಪಂಚಮಿಗಿ ನನ್ನ ಕರೀಲಾಕ ಅಣ್ಣ ಬಂದ. ವರ್ಷಾ ಬರ್ತಿದ್ದ, ಬಂದಾಂವಾ ಚಹಾ ಕುಡಿಯೋ ಮೊದಲೇ ತೋಟ ನೋಡ್ತಿದ್ದ. ನಮ್ಮ ಸಸಿ ಹಚ್ಚಿಸಿದ್ದೇ ಅಂವಾ, ಗುಂಡಿ ತೋಡೋ ಮುಂದ ಹಗ್ಗ ಹಿಡದು ನಿಂತಾಂವಾ. ಆ ದಿನ ಮಾರಿ ಇಳಿಬಿದ್ದಿತ್ತು, ಗಡ್ಡ ಬಿಟ್ಟಿದ್ದ. ಸೀದಾ ಹಗ್ಗದ ಕಡಿ ನಡದ. ಆಕಿ ಅಡ್ಡ ನಿಂತ್ಲು.

"ಕಾಕಾ, ಮನ್ಯಾಗ ಕೂಡ್ರಿ. ತೋಟದಾಗ ಬ್ಯಾಡ."

"ಯಾಕವಾ? ನನಗೇನ ಸೂತಕ ಬಂದದೇನು? ನಾ ಹಚ್ಚಿದ ಗಿಡ ನಾ ನೋಡಬಾರದಾ?" ಅಂದ ಅಣ್ಣ. ಆಕಿ ಕಾರಣ ಹೇಳ್ಲಾಕ ಹೋದ್ಲು, ಅಂವಾ ಕೇಳಲಿಲ್ಲ. ನನ್ನ ಕಡಿ ಹೊಳ್ಳಿದ. "ತಂಗೀ, ನೀ ಹೇಳು. ನಾ ಬರ್ಲೋ ಬ್ಯಾಡೋ?"

ಅಂವನ ಚಪ್ಪಲಿ ನೋಡಿದೆ, ಅಂಚಿಗೆಲ್ಲಾ ಅಂವನ ತೋಟದ ಮಣ್ಣು ಹತ್ತಿತ್ತು.

"ಬ್ಯಾಡಣ್ಣ. ಬರಬ್ಯಾಡ" ಅಂದೆ.

ಅಂವಾ ಚಹಾ ಕುಡೀಲಿಲ್ಲ, ನನ್ನ ಕರೀಲಿಲ್ಲ, ಹೊಳ್ಳಿ ನಡದ. ಆ ವರ್ಷ ನಾ ತವರಿಗಿ ಹೋಗಲಿಲ್ಲ. ಬಾವಿ ಕಡಿ ಹೆಂಗಸರು ನನ್ನ ಕಿವಿಗಿ ಬೀಳೋಹಂಗೇ ಆಡ್ಕೊಂಡ್ರು, ಕುರುಬರ ಹುಡಿಗಿ ಮಾತು ಕಟ್ಕೊಂಡು ಒಡಹುಟ್ಟಿದವನ್ನ ಬಾಗಿಲದಾಗ ನಿಲ್ಲಿಸ್ಯಾಳ ಅಂತ. ಆಕಿ ಕಿವಿಗೂ ಬಿತ್ತು. ಉಣ್ಣದೇ ಮಲಗಿದ್ಲು.

ಮುಂಜಾನಿ ಎದ್ದು, "ತಪ್ಪು ನನ್ನದೇ ಕಾಕಿ. ಬರಬ್ಯಾಡ ಅಂತ ಹೇಳ್ದೆ, ಮತ್ತೆಲ್ಲಿ ಬರ್ಬೇಕಂತ ಹೇಳಲಿಲ್ಲ" ಅಂದ್ಲು. ಸ್ಕೂಟಿ ತಗೊಂಡು ಯೆಣೆಗೂರಕ್ಕ ಹೋದ್ಲು. ಏನು ಹೇಳಿ ಒಪ್ಪಿಸಿದ್ಲೋ, ಅಣ್ಣನ್ನ ಹೈವೇಮ್ಯಾಲಿನ ಧಾಬಾಕ್ಕ ಕರ್ಕೊಂಡು ಬಂದು ಕುಂದ್ರಿಸಿ ನನಗ ಫೋನ್ ಹಚ್ಚಿದ್ಲು, ಬರ್ರಿ ಅಂತ. ಹೋದೆ. ಅಣ್ಣ ಬೆಂಚಿನ ಮ್ಯಾಲ ತಲಿ ಬಗ್ಗಿಸಿ ಕುಂತಿದ್ದ. ಬಾಜೂಕ ಟ್ರಕ್ಕಿನವರು ಊಟಾ ಮಾಡ್ಲಾಕತ್ತಿದ್ರು. ನನ್ನ ನೋಡಿ "ಎಂಥಾ ಗಿಡ ಇದ್ವು ತಂಗೀ..." ಅಂದ. ಅಂದು ಗಳಗಳ ಅತ್ತ. ನಾನೂ ಅತ್ತೆ. ಆಕಿ ಎದ್ದು ಹೋಗಿ ಮೂರು ಚಹಾ ಹೇಳಿದ್ಲು.

ಅಲ್ಲಿಂದ ಆ ರೂಢಿ ಬಿತ್ತು. ಪಾಹುಣೇರಿಗೆಲ್ಲಾ ಆಕಿ ಫೋನ್ ಮಾಡಿ, ಮಾತಾಡಿಸ್ಲಾಕ ಬರ್ರಿ, ಖರೆ ಧಾಬಾಕ್ಕ ಬರ್ರಿ ಅಂದ್ಲು. ಮೊದಲ ನಕ್ಕರು, ಆಮ್ಯಾಲ ಬಂದ್ರು. ಈಗಂತೂ ಈ ಭಾಗದಾಗ ಯಾರ ತೋಟಕ್ಕ ಬ್ಯಾನಿ ಬಂದ್ರೂ ಮಂದಿ ಬಸ್ ಸ್ಟ್ಯಾಂಡಿನ್ಯಾಗ, ಹೋಟೇಲದಾಗ ಕುಂತೇ ಮಾತಾಡಿಸ್ತಾರ, ತೋಟದಾಗ ಕಾಲ ಇಡಂಗಿಲ್ಲ. ಅಣ್ಣ ಗಿಡ ಕಿತ್ತು ಸುಟ್ಟ. ಮುಂದ ಆಕೀನೇ ಯೂನಿವರ್ಸಿಟಿಯಿಂದ ಸೀತಾಫಲದ ಕಸಿ ಸಸಿ ತರಿಸಿ ಕೊಟ್ಲು. ಕಮ್ಮಿ ಮಳ್ಯಾಗ ಬದುಕೋ ಗಿಡ, ತೇಲ್ಯಾದ ಅಂಜಿಕಿ ಇಲ್ಲದ್ದು. ಇವತ್ತು ಅಂವನ ಮಕ್ಕಳು ಅದರ ಮ್ಯಾಲೇ ಉಣ್ಲಾಕತ್ತಾರ.

ಇಲ್ಲಿಗಿ ಮುಗೀತು, ಇನ್ನ ನಿದ್ದಿ ಬರ್ತದ ಅನ್ಕೊಂಡಿದ್ದೆ...

ಅದೇ ವರ್ಷ ಶ್ರಾವಣ ಮುಗಿಯೋ ಮುಂದ ಒಂದಿನ ಆಕಿ ಕೆಲಸ ಮುಗಿಸಿ ಬಂದು ಅಂಗಳದಾಗೇ ನಿಂತ್ಲು. ಒಳಗ ಬರಲಿಲ್ಲ. ಎರಡೂ ಕೈ ಮೈಗಿ ತಾಗದಂಗ ದೂರ ಹಿಡದಿದ್ಲು. ಏನಾತು ಅಂತ ಓಡಿದ್ರ, "ಮುಟ್ಟಬ್ಯಾಡ್ರಿ" ಅಂತ ಚೀರಿದ್ಲು.

ಕಾಸಾರಶಿರಸಿ ಆಚಿ ಒಬ್ಬ ಮುದುಕಂದು ಸಣ್ಣ ತೋಟ. ಸುತ್ತಾ ಸೋಯಾಬಿನ್, ಬಾಜೂಕ ಇನ್ನೊಂದು ದಾಳಿಂಬ್ರ ಗಿಡ ಇಲ್ಲ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ತನ್ನ ಗಿಡ ತಾನೇ ಕಡೀತಾನ, ತಾನೇ ನೀರ ಬಿಡ್ತಾನ. ಆ ತೋಟಕ್ಕ ತೇಲ್ಯಾ ಬಂದಿತ್ತು. ಆಕಿ ರೂಢಿ ಪ್ರಕಾರ ಕೇಳ್ಯಾಳ, ಆಜೋಬಾ, ನಿಮ್ಮ ತೋಟಕ್ಕ ಯಾರ್ಯಾರು ಬಂದಿದ್ರು ಅಂತ. ಮುದುಕ ನಕ್ಕೋತ ಹೇಳ್ಯಾನ:

"ನೀ ಬಿಟ್ರ ಯಾರ ಬರ್ತಾರವ್ವ ನನ್ನ ಕಡಿ?"

ಬ್ಯಾನಿ ಬರೋಕಿಂತ ಮೊದಲು ಆಕೀನೇ ಆ ತೋಟ ನೋಡಿ ಬಂದಿದ್ಲು. ಬ್ಯಾನಿ ಬಿದ್ದ ತೋಟಕ್ಕೆಲ್ಲಾ ಹೋಗೋದು ಆಕಿ ಕೆಲಸ. ಕೈ ತೊಳೀತಿದ್ಲು, ಕಾಲ ತೊಳೀತಿದ್ಲು. ಖರೆ ಸುರುವಾತಿನ್ಯಾಗ, ಅಣ್ಣನ ತೋಟಕ್ಕ ಬರೋಕಿಂತ ಮೊದಲು, ಅಷ್ಟು ಬರೋಬರ್ ತೊಳೀತಿದ್ನೇನು ಅಂತ ಆಕಿಗೇ ನೆನಪಿಲ್ಲ. ದುಪಟ್ಟಾ ದಿನಾ ಬದಲಿಸ್ತಿದ್ದಿಲ್ಲ. ಎಲಿ ಹಾಕೋ ಚೀಲ ಅದೇ ಇತ್ತು. ಸಸಿಯಿಂದಾನೂ ಬಂದಿರಬಹುದು, ಹೇಳ್ಲಾಕ ಬರಂಗಿಲ್ಲ ಅಂತ ಯೂನಿವರ್ಸಿಟಿ ಸಾಹೇಬ್ರು ಫೋನಿನ್ಯಾಗ ಅಂದ್ರಂತ. ಆಕಿ ಅದನ್ನ ತಲ್ಯಾಗ ಹಾಕ್ಕೊಳ್ಳಲಿಲ್ಲ.

"ಕಾಕಿ, ಬ್ಯಾನಿ ಬಿದ್ದ ತೋಟದಿಂದ ಬಂದು ಸೀದಾ ನಿಮ್ಮ ತೋಟದಾಗೂ ಹೊಕ್ಕೀನಿ. ಒಂದಲ್ಲ, ಎಷ್ಟೋ ಸಲ..."

ಅಣ್ಣನ್ನ ಬಾಗಿಲದಾಗ ನಿಲ್ಲಿಸಿದ್ವಿ, ಊರ ಮಂದೀನ ನಿಲ್ಲಿಸಿದ್ವಿ, ಮತ್ತ ಬ್ಯಾನಿ ನಮ್ಮ ಮುಂದಿನ ಖೋಲ್ಯಾಗೇ ಮಲಗಿ ಏಳ್ಲಾಕತ್ತಿತ್ತೇನು? ಆಕಿ ಮ್ಯಾಲ ಸಿಟ್ಟ ಬರಲಿಲ್ಲ, ಬರೇ ಅಂಜಿಕಿ. ಆಕಿ ಆ ಸಂಜೀನೇ ಸಾಮಾನ ಕಟ್ಟಿ ಉಮರ್ಗಾಕ್ಕ ಹೋಗಿ ಬ್ಯಾರೆ ಖೋಲಿ ಹಿಡದ್ಲು. ನಮ್ಮ ಮನಿಯವರು ಬ್ಯಾಡ ಅಂತ ಭಾಳ ಹೇಳಿದ್ರು, ಕೇಳಲಿಲ್ಲ.

ಮತ್ತ ಬರೋದು ಬಿಡಲಿಲ್ಲ. ದಿನಾ ಬರ್ತಿದ್ಲು, ಬೇಲಿ ಹೊರಗ ನಿಲ್ತಿದ್ಲು. ನಾ ಒಳಗಿಂದ ಎಲಿ ಬೆಳಕಿಗಿ ಹಿಡೀತಿದ್ದೆ, ಆಕಿ ಹೊರಗಿಂದ ಕಣ್ಣ ಸಣ್ಣ ಮಾಡಿ ನೋಡ್ತಿದ್ಲು. ತೇಲ್ಯಾ ಒಳಗ ಹೊಕ್ಕ ಮ್ಯಾಲ ಚುಕ್ಕಿ ಕಾಣ್ಲಾಕ ಹೊತ್ತು ಹಿಡೀತದಂತ. ಅಲ್ಲಿ ತನಕಾ ಕಾಯೋದೇ. ಮಳಿ ಹನಿ ಬಿದ್ರ ಒಬ್ಬರ ಮಾರಿ ಒಬ್ಬರು ನೋಡ್ತಿದ್ವಿ. ಆಕಿ ಬಡಕಲಾಗಿದ್ಲು, ಅಂಗೈ ಚರ್ಮ ಬ್ಲೀಚಿಂಗ್ ನೀರಿಗಿ ಸುಲದು ಕೆಂಪಗಾಗಿತ್ತು. "ಔಷಧ ಹಚ್ಕೋ ಅವ್ವಾ" ಅಂದ್ರ ಹ್ಞೂಂ ಅಂತಿದ್ಲು, ಹಚ್ಕೊಂತಿದ್ದಿಲ್ಲ.

ಮತ್ತ ಒಂದಿನ ಸಿಕ್ತು. ಬಡಗಣ ಮೂಲ್ಯಾಗಿನ ಗಿಡ, ಕೆಳಗಿನ ಟೊಂಗಿ. ಎಲಿಮ್ಯಾಲ ಒಂದು ಚುಕ್ಕಿ, ನಡು ಕರ್ರಗ, ಸುತ್ತಾ ಹಳದಿ. ಹರದ ಎಲಿ ಕೆಳಗ ಬಿತ್ತು, ಮತ್ತ ಹುಡಕಿ ತಗೊಂಡೆ. ಬೇಲಿಗಿ ಬಂದು ಹಿಡದೆ. ಆಕಿ ನೋಡಿದ್ಲು. ಭಾಳ ಹೊತ್ತು ನೋಡಿದ್ಲು. "ತಿಳೀವಲ್ದು ಕಾಕಿ" ಅಂದ್ಲು. ದಿನಾ ನೂರಾರು ಎಲಿ ನೋಡೋ ಆಕಿಗಿ ಆ ಒಂದು ಎಲಿ ತಿಳೀಲಿಲ್ಲ, ಅಷ್ಟು ಅಂಜಿದ್ಲು. ನಾನೇ ಅದನ್ನ ಎರಡು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕೊಟ್ಟೆ. ಪಾರ್ಸಲ್ ಮ್ಯಾಲ ಭರೋಸಾ ಇಲ್ಲದೇ ತಾನೇ ಸರಕಾರಿ ಲಾಲ ಬಸ್ ಹತ್ತಿ ಯೂನಿವರ್ಸಿಟಿಗಿ ಹೋದ್ಲು.

ಆ ಕಾದ ದಿನ... ಬ್ಯಾಡ, ಅದನ್ನ ಬರೀಲಾಕ ಈಗೂ ಆಗಂಗಿಲ್ಲ. ನಮ್ಮ ಮನಿಯವರು ಚಾಷ್ಟಿ ಬಿಟ್ಟಿದ್ರು. ಗಿಡ ಸುಡ್ಲಾಕ ಕಟಗಿ ಎಲ್ಲಿ ಒಟ್ಟಬೇಕು ಅಂತ ತಮ್ಮಷ್ಟಕ್ಕೇ ಅಂದ್ಕೊಂಡಿದ್ದು ನನ್ನ ಕಿವಿಗಿ ಬಿತ್ತು. ಒಲಿ ಮುಂದ ಕುಂತು ಅತ್ತೆ.

ಫೋನ್ ಬಂತು. ಎತ್ತಿ ಕಿವಿಗಿ ಹಿಡದ್ರ ಆ ಕಡಿ ಬರೇ ಬಿಕ್ಕೋ ದನಿ. ಮುಗೀತು ನಮ್ಮದು ಅನ್ಕೊಂಡು ಗೋಡಿಗಿ ಆನಿ ನಿಂತೆ.

"ಅಲ್ಲ ಕಾಕಿ... ಅದಲ್ಲ. ತೇಲ್ಯಾ ಅಲ್ಲ. ಬ್ಯಾರೆ ಚುಕ್ಕಿ, ಔಷಧ ಹೊಡದ್ರ ಹೋಗ್ತದ."

ಆಕಿ ಅಲ್ಲಿ ಅತ್ಲು, ನಾ ಇಲ್ಲಿ ಅತ್ತೆ. ನಮ್ಮ ಮನಿಯವರು ಏನಾತು, ಏನಾತು ಅಂತ ನನ್ನ ಭುಜ ಹಿಡದು ಅಲುಗಾಡಿಸ್ಲಾಕತ್ತಿದ್ರು.

ಆ ಬಹಾರ ದಂಡಿಗಿ ಬಂತು. ಕಾಯಿ ಹರಿಯೋ ದಿನ ಆಕಿ ಬಂದು ದಾರಿ ಆಚಿ ಬೇವಿನ ಗಿಡದ ಕೆಳಗ ಕುಂತ್ಲು. ಅಣ್ಣ ಬಂದಿದ್ದ, ಕಾಲ ಅದ್ದಿ, ಅಂಗಿ ಬದಲಿಸಿ ಒಳಗ ಬಂದು ಕ್ರೇಟ್ ತುಂಬ್ಲಾಕತ್ತಿದ್ದ. ನಾ ಆಕಿ ಹಂತ್ಯಾಕ ಹೋಗಿ ಕೈ ಹಿಡದು, "ಇವತ್ತಾದ್ರೂ ಒಳಗ ಬಾ. ಅಣ್ಣನೇ ಬಂದಾನ, ನೀ ಬರ್ಲಾಕೇನು?" ಅಂದೆ. "ಬ್ಯಾಡ್ರಿ ಕಾಕಿ, ಇಲ್ಲಿಂದೇ ಕಾಣ್ತದ" ಅಂದ್ಲು. ಒಂದು ಹಣ್ಣು ಒಡದು ಕೊಟ್ಟೆ. ತಿಂದ್ಲು. ಛಲೋ ಅದಾವ ಅಂದ್ಲು. ನಮ್ಮ ತೋಟದಾಗ ಮತ್ತ ಆಕಿ ಕಾಲ ಇಡಲೇ ಇಲ್ಲ.

ಮರುವರ್ಷ ಮಳಿಗಾಲದಾಗ ಆಕಿಗಿ ಎಂಥದೋ ಜ್ವರ ಬಂತಂತ. ಉದಗೀರ ದವಾಖಾನಿ, ಅಲ್ಲಿಂದ ಲಾತೂರ. ನಮಗ ಸುದ್ದಿ ಮುಟ್ಟೋದ್ರಾಗ ಮಣ್ಣೂ ಆಗಿತ್ತು. ನಾನೂ ಅಣ್ಣಾನೂ ಬುತ್ತಿ ಕಟ್ಕೊಂಡು ಆಕಿ ಊರಿಗಿ ಹೋದ್ವಿ. ಆಕಿ ಅಪ್ಪ ಹೊಲದಾಗ ಕುರಿ ನಿಲ್ಲಿಸಿದ್ದ, ಹೆಗಲ ಮ್ಯಾಲ ಕಂಬಳಿ. ಯಾರಂತ ಹೇಳಿದ್ವಿ. ನನ್ನ ಮಾರಿ ನೋಡಿ, "ಗುಂಜೋಟಿ ಕಾಕಿ ನೀವೇನ್ರಿ?" ಅಂದ.

ಹೌದು ಅಂದೆ.

"ಜ್ವರದಾಗ ನಿಮ್ಮದೇ ಹಲಬತಿದ್ಲು. ಕಾಕಿ ತೋಟಕ್ಕ ಬಂತೇನಪ್ಪಾ, ಬಂತೇನಪ್ಪಾ ಅಂತ. ನಾ ಕುರಿ ಕಾಯಾಂವಾ, ನನಗೇನ ಗೊತ್ತು ನಿಮ್ಮ ತೋಟದ್ದು. ಇಲ್ಲ ಮಗಳ, ಬಂದಿಲ್ಲ ಅಂತ ಹೇಳ್ದೆ. ಆಮ್ಯಾಲ ಸುಮ್ಕಾದ್ಲು." ಅಂವಾ ಹಿಂಡು ಬಿಟ್ಟ ಒಂದು ಕುರೀನ ಹೊಡಕೊಂಡು ಬಂದ. ಆಮ್ಯಾಲ ನನ್ನ ಕಡಿ ಹೊಳ್ಳಿ ಕೇಳಿದ, "ನಾ ಹೇಳಿದ್ದು ಖರೆ ಅದೇನ್ರಿ ಅವ್ವ?"

"ಖರೆ ಅದ ಅಣ್ಣಾ. ಬಂದಿಲ್ಲ" ಅಂದೆ.

ಈಗ ಪ್ರತಿ ಬಹಾರದಾಗ ಯೂನಿವರ್ಸಿಟಿಯಿಂದ ಹುಡಿಗ್ಯಾರು ಬರ್ತಾರ. ತೋಟಕ್ಕೊಮ್ಮೆ ಕಾಲಿನ ಪ್ಲಾಸ್ಟಿಕ್ ಚೀಲ ಬದಲಿಸ್ತಾರ, ಕೈಗಿ ಹಾಕೋ ಚೀಲ ಬದಲಿಸ್ತಾರ. ತೋಟ ನೋಡ್ಲಾಕ ಬಂದವರೇ ಮೊದಲ ಬ್ಯಾನಿ ಹೊತ್ಕೊಂಡು ಬಂದಾರು ಅಂತ ಈಗ ಪಾಠದಾಗೇ ಹೇಳಿಕೊಡ್ತಾರಂತ. ಇದು ಯಾರ ಅಂಜಿಕಿಯಿಂದ ಸುರು ಆತು ಅಂತ ಅವರಿಗಿ ಗೊತ್ತಿಲ್ಲ, ನಾನೂ ಹೇಳ್ಲಾಕ ಹೋಗಂಗಿಲ್ಲ. ಛಲೋ ಹುಡಿಗ್ಯಾರು, ಶ್ಯಾಣ್ಯಾ ಅದಾರ. ಮಾಡ ಕವಿದಾಗ ನನ್ನ ಮಾರಿ ನೋಡಿ "ಏನಾಗಂಗಿಲ್ಲ ಆಯೀ, ಸುಮ್ಕಿರ್ರಿ" ಅಂತಾರ.

ಏನಾಗಂಗಿಲ್ಲ ಅಂತ ಆಕಿ ಒಂದಿನಾನೂ ಅಂದಿದ್ದಿಲ್ಲ. ಅವಾಗ ಇಬ್ಬರೂ ಕೂಡಿ ಅಂಜತಿದ್ವಿ. ಈಗ ನಾ ಒಬ್ಬಾಕೇ ಅಂಜತೀನಿ.